ಮಳೆ ಬರಲಿ ಅನ್ನುವವರಿಗೆ

“ಅಲ್ಲಾ ಮೇಡಂ, ಜನಕ್ಕೆ ಕುಡಿಯೋಕೇ ನೀರಿಲ್ಲ, ನೀವು ಬೆಂಡೆಗಿಡಕ್ಕೆ ಸುರೀತಿದ್ದೀರಲ್ಲ?”

2024ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಕಾಂಪೌಂಡಿನ ಆಚೆ ನಿಂತು ಹೀಗೆ ಕೇಳಿದವರು ಒಳ್ಳೆಯ ಮನುಷ್ಯರು. ನಮ್ಮ ಬೀದಿಯ ಬೋರ್‌ವೆಲ್ ಬತ್ತಿ ಹದಿನೈದು ದಿನವಾಗಿತ್ತು. ಟ್ಯಾಂಕರಿನವರು ಫೋನು ಎತ್ತುತ್ತಿರಲಿಲ್ಲ. ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ, ಕಟ್ಟಡ ಕಟ್ಟಿದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಅದೇ ತಿಂಗಳು ಆದೇಶ ಹೊರಡಿಸಿತ್ತು. ಅವರ ಕಣ್ಣಿಗೆ ನಾನು ತಪ್ಪು ಮಾಡುತ್ತಿದ್ದೆ. ನನ್ನ ಕೈಲಿದ್ದ ಬಕೆಟ್ಟಿನಲ್ಲಿ ಏನಿದೆ ಎಂದು ಅವರು ನೋಡಲಿಲ್ಲ. ಅದರಲ್ಲಿದ್ದುದು ಆ ಬೆಳಗಿನ ಅಕ್ಕಚ್ಚು, ಸೊಪ್ಪು ತೊಳೆದ ನೀರು, ಹಿಂದಿನ ರಾತ್ರಿ ಹೆಸರುಕಾಳು ನೆನೆಹಾಕಿದ ನೀರು. ತಳದಲ್ಲಿ ನಾಲ್ಕು ಕಾಳು ಅಕ್ಕಿಯೂ ಇದ್ದವು.

ಇದು ಅವರೊಬ್ಬರ ಮಾತಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಶಿವರಾತ್ರಿ ಕಳೆಯಿತೆಂದರೆ ಈಗ ಎಲ್ಲ ಕಡೆಯೂ ಇದೇ ಮಾತು. ಬೇಸಿಗೆಯಲ್ಲಿ ಕೈತೋಟ ಮಾಡಿದರೆ ನೀರೂ ದಂಡ, ಮೈಮುರಿದದ್ದೂ ದಂಡ, ಮಳೆ ಬರಲಿ, ಆಮೇಲೆ ನೋಡೋಣ. ಊರಿನ ನೆಂಟರೂ ಇದನ್ನೇ ಹೇಳುತ್ತಾರೆ, ಬೆಂಗಳೂರಿನ ವಿದ್ಯಾವಂತರೂ ಇದನ್ನೇ ಹೇಳುತ್ತಾರೆ. ಹೇಳುವಾಗ ಎಲ್ಲರ ದನಿಯಲ್ಲೂ ಒಂದು ಜವಾಬ್ದಾರಿ ಇರುತ್ತದೆ, ನೀರು ಉಳಿಸಿದ ಸಮಾಧಾನ ಇರುತ್ತದೆ. ಆ ಸಮಾಧಾನಕ್ಕೆ ಆಧಾರವಿಲ್ಲ ಎನ್ನುವುದೇ ನನ್ನ ವಾದ. ಫಾಲ್ಗುಣ, ಚೈತ್ರಗಳು ಹಿತ್ತಿಲಿಗೆ ಬೀಗ ಹಾಕುವ ತಿಂಗಳುಗಳಲ್ಲ. ನಮ್ಮ ನಾಡಿನ ಹಿತ್ತಿಲಿಗೆ ನಿಜವಾದ ಸುಗ್ಗಿ ಅಂತ ಒಂದಿದ್ದರೆ ಅದು ಇದೇ.

ನಾನು ಹುಟ್ಟಿದ್ದು ಕಾರ್ಕಳದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಬೇಸಿಗೆಯಲ್ಲಿ ತರಕಾರಿ ಬೇಡ ಎಂದು ಯಾರಾದರೂ ಹೇಳಿದ್ದರೆ ಅಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ಮಳೆಗಾಲದ ಭತ್ತದ ಬೆಳೆಯಾದ ಏಣೆಲು ಕೊಯ್ದ ಮೇಲೆ ಬೆಟ್ಟುಗದ್ದೆಯ ಒಂದು ಮೂಲೆಯನ್ನು ಅಗೆದು, ತರಗೆಲೆ ಹಾಕಿ ಸುಟ್ಟು, ಆ ಸುಡುಮಣ್ಣಿಗೆ ಹಟ್ಟಿಗೊಬ್ಬರ ಬೆರೆಸಿ ಸಾಲು ಮಾಡುತ್ತಿದ್ದರು. ತೋಡಿಗೆ ಮಣ್ಣಿನ ಕಟ್ಟ ಕಟ್ಟಿ ನೀರು ನಿಲ್ಲಿಸುತ್ತಿದ್ದರು. ಸೌತೆ, ಬೆಂಡೆ, ಹೀರೆ, ಹಾಗಲ, ಪಡುವಲ, ಅಲಸಂಡೆ, ಕೆಂಪು ಹರಿವೆ, ಕುಂಬಳ ಎಲ್ಲವೂ ಆ ಸಾಲುಗಳಲ್ಲಿ ಬಂದವು. ಸಂಜೆ ಶಾಲೆಯಿಂದ ಬಂದವರು ಚೀಲ ಜಗಲಿಯ ಮೇಲೆ ಎಸೆದು ಗದ್ದೆಗೆ ಓಡಬೇಕು. ಒಂದು ಕೊಡಪಾನ ಎರಡು ಸೌತೆ ಬುಡಕ್ಕೆ. ಬಳ್ಳಿಯ ಮೇಲೆ ಸುರಿಯುವ ಹಾಗಿಲ್ಲ, ಬುಡದ ಮಣ್ಣು ಕೊಚ್ಚಿಹೋಗುವ ಹಾಗೆಯೂ ಸುರಿಯುವ ಹಾಗಿಲ್ಲ. ಅಮ್ಮ ಅಂಗೈಯನ್ನು ಕೊಡಪಾನದ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ನೀರು ಅವಳ ಬೆರಳ ಸಂದಿಯಿಂದ ಸೀಳಿ ತೆಳ್ಳಗೆ ಬೀಳುತ್ತಿತ್ತು. ನೀರು ಕುಡಿದ ಸುಡುಮಣ್ಣಿನಿಂದ ಬರುತ್ತಿದ್ದ ಆ ವಾಸನೆಯನ್ನು ನಾನು ಮತ್ತೆಲ್ಲೂ ಮೂಸಿಲ್ಲ.

ಹಾಗೆ ಬೆಳೆದ ಸೌತೆ ಹೋಗುತ್ತಿದ್ದದ್ದೆಲ್ಲಿಗೆ? ಒಂದಷ್ಟು ಬೇಸಿಗೆಯ ಹುಳಿಗೆ. ಉಳಿದದ್ದೆಲ್ಲ ಮಾಡಿನ ಪಕ್ಕಾಸಿಗೆ. ಒಂದೊಂದು ಕಾಯಿಗೂ ಬಾಳೆನಾರಿನ ಕುಣಿಕೆ ಹಾಕಿ, ಒಂದಕ್ಕೊಂದು ತಾಗದ ಹಾಗೆ ಸಾಲಾಗಿ ತೂಗುಹಾಕುತ್ತಿದ್ದರು. ಹೊಗೆಯಾಡುವ ಅಡುಗೆಮನೆಯ ಮೇಲೆ ಹಸಿರು ಕಾಯಿ ಹಳದಿಗೆ ತಿರುಗಿ ನೇತಾಡುತ್ತಿತ್ತು. ಬೂದುಕುಂಬಳ, ಸಿಹಿಕುಂಬಳ ಅಟ್ಟ ಸೇರುತ್ತಿದ್ದವು. ಆಮೇಲೆ ಮಳೆ ಹಿಡಿದು, ಹೊರಗೆ ಕಾಲಿಡಲಾಗದೆ, ಪೇಟೆಗೆ ಹೋಗುವ ದಾರಿಯೇ ಮುಚ್ಚಿಹೋದ ಆಟಿ ತಿಂಗಳಲ್ಲಿ ಅಮ್ಮ ಕತ್ತೆತ್ತಿ ನೋಡಿ ಒಂದು ಸೌತೆ ಇಳಿಸುತ್ತಿದ್ದಳು. ಅಂದರೆ ಮಳೆಗಾಲಕ್ಕೆ ಅನ್ನ ಕಲಸುವ ಹುಳಿಯನ್ನು ಕೊಟ್ಟದ್ದು ಬೇಸಿಗೆಯ ಸಾಲು. “ಮಳೆ ಬರಲಿ, ಆಮೇಲೆ ನೋಡೋಣ” ಅನ್ನುವವರಿಗೆ ಈ ಲೆಕ್ಕ ಗೊತ್ತಿಲ್ಲ. ಮಳೆ ಬಂದ ಮೇಲೆ ನೋಡಲು ಹೊರಟಿದ್ದರೆ ನಾವು ಆಟಿಯಲ್ಲಿ ಬರಿಯ ಗಂಜಿ, ಉಪ್ಪಿನಕಾಯಿ ಉಣ್ಣಬೇಕಿತ್ತು.

ತುಳುನಾಡಿನ ಹೊಸ ವರ್ಷ ಬಿಸು ಬೀಳುವುದು ಏಪ್ರಿಲ್ ಮಧ್ಯಕ್ಕೆ. ಆ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನೋಡಬೇಕಾದ ಕಣಿಯಲ್ಲಿ ತೆಂಗಿನಕಾಯಿ, ಅಕ್ಕಿ, ಕನ್ನಡಿ, ಹೂವಿನ ಜೊತೆ ಹಿತ್ತಿಲಿನ ತರಕಾರಿ ಇಡುತ್ತಾರೆ, ಬಣ್ಣಕ್ಕೆ ತಿರುಗಿದ ಸೌತೆಯಂತೂ ಇರಲೇಬೇಕು. ಬೇಸಿಗೆಯ ನೆಟ್ಟನಡುವೆ, ಬಾವಿಯ ನೀರು ಕೆಳಗಿಳಿದ ಹೊತ್ತಿನಲ್ಲಿ, ಸಮೃದ್ಧಿಯ ಗುರುತು ಅಂತ ಹಿರಿಯರು ದೇವರ ಮುಂದೆ ಇಟ್ಟದ್ದು ಬೇಸಿಗೆಯ ಬೆಳೆಯನ್ನು.

ಇಷ್ಟು ಹೇಳಿದರೆ ಬರುವ ಉತ್ತರ ನನಗೆ ಗೊತ್ತು. ಅದು ಕರಾವಳಿ, ಅಲ್ಲಿ ತೋಡಿತ್ತು, ಕಟ್ಟವಿತ್ತು, ಬಾವಿಗೆ ಕೈ ಹಾಕಿದರೆ ನೀರಿತ್ತು. ಬಯಲುಸೀಮೆಯ ಊರಲ್ಲಿ, ಮೂವತ್ತು ನಲವತ್ತರ ಸೈಟಿನಲ್ಲಿ, ಸಿಮೆಂಟಿನ ತಾರಸಿಯ ಮೇಲೆ ಇದೆಲ್ಲ ನಡೆಯುವುದಿಲ್ಲ. “ನಾವೂ ಮಾಡಿ ನೋಡಿದ್ದೀವಿ, ಎಲ್ಲ ಒಣಗಿಹೋಯಿತು.”

ಏನು ಹಾಕಿದ್ದಿರಿ ಎಂದು ನಾನು ಕೇಳುತ್ತೇನೆ. ಟೊಮೆಟೊ, ಕೊತ್ತಂಬರಿ, ಪಾಲಕ್, ಹೂಕೋಸು. ಹತ್ತರಲ್ಲಿ ಒಂಬತ್ತು ಮಂದಿಯ ಉತ್ತರ ಇದೇ. ಅಂಗಡಿಯಲ್ಲಿ ಬೀಜದ ಪೊಟ್ಟಣದ ಮೇಲೆ ಚಿತ್ರ ಚೆನ್ನಾಗಿತ್ತು, ತಂದು ಮಾರ್ಚ್‌ನಲ್ಲಿ ಹಾಕಿದರು. ಹಗಲಿನ ಕಾವು 35 ಡಿಗ್ರಿ ದಾಟಿ, ರಾತ್ರಿಯೂ ತಣಿಯದೆ ಹೋದರೆ ಟೊಮೆಟೊ ಹೂವು ಕಾಯಿ ಕಚ್ಚದೆ ಉದುರುತ್ತದೆ. ಕೊತ್ತಂಬರಿ ಗೇಣುದ್ದ ಏಳುವುದರೊಳಗೆ ಹೂಬಿಟ್ಟು ಬೀಜಕ್ಕೆ ಹೋಗುತ್ತದೆ. ಹೂಕೋಸು, ಕ್ಯಾರೆಟ್ಟು ಚಳಿಯ ಬೆಳೆ. ಚಳಿಯ ಗಿಡವನ್ನು ಬಿಸಿಲಿನಲ್ಲಿ ನಿಲ್ಲಿಸಿ, ಅದು ಬಾಡದಿರಲಿ ಎಂದು ಕೊಡಗಟ್ಟಲೆ ನೀರು ಸುರಿದು, ಕೊನೆಗೆ ಬೇಸಿಗೆಯ ಕೈತೋಟವೇ ನೀರು ದಂಡ ಎಂದು ತೀರ್ಪು ಕೊಟ್ಟರೆ ಅದು ಯಾವ ನ್ಯಾಯ? ಆ ನೀರು ದಂಡವಾದದ್ದು ನಿಜ. ತಪ್ಪು ಮಾತ್ರ ಬೇಸಿಗೆಯದಲ್ಲ.

ಬೇಸಿಗೆಗೆಂದೇ ಹುಟ್ಟಿದ ಗಿಡಗಳಿವೆ. ಹರಿವೆ ಬಿಸಿಲನ್ನೇ ಉಂಡು ಬೆಳೆಯುತ್ತದೆ. ಕಬ್ಬು, ಜೋಳ, ರಾಗಿಗಳಂತೆ ಅದೂ ಸಿ4 ಎಂದು ಸಸ್ಯವಿಜ್ಞಾನಿಗಳು ಕರೆಯುವ ಗುಂಪಿನದು. ಕಾವು ಏರಿದಷ್ಟೂ ಚುರುಕಾಗಿ ಬೆಳೆಯುವುದು, ಕಡಿಮೆ ನೀರಿನಲ್ಲಿ ಹೆಚ್ಚು ಸೊಪ್ಪು ಕೊಡುವುದು ಈ ಗುಂಪಿನ ಗುಣ. ಬೀಜ ಚೆಲ್ಲಿ ಇಪ್ಪತ್ತೈದು ದಿನಕ್ಕೆ ಕಿತ್ತು ಸಾರು ಮಾಡಬಹುದು, ಕೀಳದೆ ಕೊಯ್ದರೆ ಮತ್ತೆ ಚಿಗುರುತ್ತದೆ. ಬೆಂಡೆ ನಲವತ್ತೈದು ದಿನಕ್ಕೆ ಕಾಯಿ ಕೊಡುತ್ತದೆ, ಆಮೇಲೆ ದಿನ ಬಿಟ್ಟು ದಿನ ಕೊಯ್ಯುತ್ತಲೇ ಇರಬೇಕು. ಬೇಸಿಗೆಯಲ್ಲಿ ಬಿಳಿನೊಣ ಹೆಚ್ಚಿ ಬೆಂಡೆಯ ಎಲೆಗೆ ಹಳದಿ ನಂಜು ಬರುತ್ತದೆ ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಅದಕ್ಕೆಂದೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆ ನಂಜನ್ನು ತಡೆದುಕೊಳ್ಳಲೆಂದು ರೂಪಿಸಿದ ಅರ್ಕಾ ಅನಾಮಿಕ ತಳಿಯನ್ನು ಬಹಳ ಹಿಂದೆಯೇ ಕೊಟ್ಟಿದ್ದಾರೆ. ಇನ್ನು ಬಸಳೆಗೆ ಹೇಳಿಕೊಡಬೇಕಾದದ್ದು ಏನೂ ಇಲ್ಲ. ಬಚ್ಚಲ ನೀರು ಹೋಗುವ ಕಡೆ ಒಂದು ತುಂಡು ಚುಚ್ಚಿ ನಾಲ್ಕು ಕೋಲು ಊರಿದರೆ ಚಪ್ಪರವನ್ನು ಅದೇ ತುಂಬಿಕೊಳ್ಳುತ್ತದೆ.

ಹೀರೆಬಳ್ಳಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬೇಸಿಗೆಯಲ್ಲಿ ಹೀರೆ ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ ಎಂದು ದೂರುವವರು ಬಹಳ. ಹೀರೆಯ ಹೂವು ಅರಳುವುದು ಸಂಜೆ, ಬಿಸಿಲು ಇಳಿದ ಮೇಲೆ. ಗಂಡು ಹೂವುಗಳು ಗೊಂಚಲಾಗಿ ಬರುತ್ತವೆ, ಹೆಣ್ಣು ಹೂವು ಒಂದೊಂದೇ. ಹೆಣ್ಣು ಹೂವಿನ ಬುಡದಲ್ಲಿ ಕಿರುಬೆರಳಿಗಿಂತ ಸಣ್ಣದೊಂದು ಹೀರೆ ಆಗಲೇ ಏಣು ಮೂಡಿಸಿಕೊಂಡು ಕೂತಿರುತ್ತದೆ. ನಾನು ಆರೂವರೆಗೆ ಹಿತ್ತಿಲಿಗೆ ಹೋಗಿ ಒಂದು ಗಂಡು ಹೂವು ಕಿತ್ತು, ಅದರ ಹಳದಿ ಎಸಳುಗಳನ್ನು ಹಿಂದಕ್ಕೆ ಮಡಚಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಮುಟ್ಟಿಸುತ್ತೇನೆ. ಮರುದಿನ ಹೂವು ಮುದುಡುತ್ತದೆ. ಮೂರನೆಯ ದಿನ ಆ ಪುಟ್ಟ ಕಾಯಿ ಕೆಳಮುಖವಾಗಿ ಬಾಗಿದ್ದರೆ ನಿಂತಿತು ಎಂದು ಅರ್ಥ. ಹಳದಿಯಾಗಿ ಸುಕ್ಕಿದ್ದರೆ ಇಲ್ಲ. ಗಂಡು ಹೂವಿನ ಪುಡಿ ಮುಟ್ಟದೆ ಸುಕ್ಕಿದ ಕಾಯಿಯನ್ನು ನೋಡಿ ಬಿಸಿಲನ್ನು ಬೈಯುವವರಿಗೆ ನಾನು ಹೇಳುವುದಿಷ್ಟೆ: ಇನ್ನೊಂದು ಬಕೆಟ್ ನೀರು ಸುರಿದರೆ ಆ ಕಾಯಿ ನಿಲ್ಲುವುದಿಲ್ಲ, ಸಂಜೆ ಐದು ನಿಮಿಷ ಬಳ್ಳಿಯ ಹತ್ತಿರ ನಿಂತರೆ ನಿಲ್ಲುತ್ತದೆ.

ಈಗ ನೀರಿನ ಲೆಕ್ಕಕ್ಕೇ ಬರೋಣ, ಜಗಳ ಇರುವುದು ಅಲ್ಲೇ ತಾನೆ.

ನಮ್ಮ ಬೇಸಿಗೆಯಲ್ಲಿ ಒಂದು ಚದರ ಮೀಟರ್ ತರಕಾರಿ ನೆಲಕ್ಕೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ಮೇಲೆ ದಪ್ಪಗೆ ತರಗೆಲೆ ಹೊದಿಸಿ, ಸಂಜೆ ಬುಡಕ್ಕಷ್ಟೇ ಹಾಕಿದರೆ ಅದಕ್ಕಿಂತಲೂ ಕಡಿಮೆ ಸಾಕು. ನನ್ನ ಮನೆಯ ಹಿಂದೆ ಹತ್ತಡಿ ಉದ್ದ, ನಾಲ್ಕಡಿ ಅಗಲದ ಎರಡು ಮಡಿಗಳಿವೆ, ಎರಡೂ ಸೇರಿ ಏಳೂವರೆ ಚದರ ಮೀಟರ್ ಆಗಬಹುದು. ದಿನಕ್ಕೆ ಎರಡು ಬಕೆಟ್, ಬಿಸಿಲು ಜೋರಾದರೆ ಮೂರು. ನಾವು ಮನೆಯಲ್ಲಿ ನಾಲ್ಕು ಜನ. ಪಟ್ಟಣದ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂದು ಸರ್ಕಾರದ ಅಳತೆ, ಆ ಪ್ರಕಾರ ನಮ್ಮ ಮನೆಗೆ 540 ಲೀಟರ್. ಅದರಲ್ಲಿ ಕುಡಿಯುವುದು, ಬೇಯಿಸುವುದು ಎಷ್ಟು? ಮಿಕ್ಕದ್ದೆಲ್ಲ ಒಂದು ಸಲ ಕೈಗೋ ಬಟ್ಟೆಗೋ ಪಾತ್ರೆಗೋ ತಾಗಿ ಮೋರಿಗೆ ಹೋಗುತ್ತದೆ. ಹಳೆಯ ಫ್ಲಶ್ ಟ್ಯಾಂಕು ಒಂದು ಸಲ ಎಳೆದರೆ ಹತ್ತು ಲೀಟರ್. ಅದನ್ನು ಮೂರು ಸಲ ಎಳೆದ ನೀರಿನಲ್ಲಿ ನನ್ನ ಎರಡು ಮಡಿಗಳ ಒಂದು ದಿನ ಕಳೆಯುತ್ತದೆ. ನಾನು ಅದಕ್ಕೂ ಕೈ ಹಾಕಿಲ್ಲ. ಅಕ್ಕಿಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು, ಬಟ್ಟೆಯನ್ನು ಕಡೆಯ ಸಲ ಜಾಲಿಸಿದ ನೀರು, ಇಷ್ಟನ್ನು ಎತ್ತಿಟ್ಟುಕೊಂಡರೆ ಎರಡು ಬಕೆಟ್ ತುಂಬಿ ಮೇಲೊಂದಿಷ್ಟು ಉಳಿಯುತ್ತದೆ. ಸೋಪು ಹೆಚ್ಚಿರುವ ನೀರನ್ನು ಸೊಪ್ಪಿಗೆ ಹಾಕಬಾರದು, ಅದು ಬಾಳೆಗೆ, ದಾಸವಾಳದ ಬುಡಕ್ಕೆ. ನೀರು ಶುದ್ಧ ಮಾಡುವ ಯಂತ್ರದಿಂದ ಹೊರಹೋಗುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಅದನ್ನು ದಿನವೂ ಒಂದೇ ಕಡೆ ಸುರಿದರೆ ನೆಲ ಕೆಡುತ್ತದೆ, ನೆಲ ಒರೆಸಲು ಇಟ್ಟುಕೊಳ್ಳಿ. ಹೀಗೆ ಬಳಸುವಾಗ ವಿವೇಕ ಬೇಕು. ಆದರೆ ಇದರಲ್ಲಿ ಒಂದು ಲೋಟವೂ ಕುಡಿಯುವ ನೀರಲ್ಲ. ಜಲಮಂಡಳಿಯ ಆದೇಶ ತಡೆದದ್ದೂ ಕುಡಿಯುವ ನೀರನ್ನು. ಆ ಒಂದು ಮಾತನ್ನು ಬಿಟ್ಟು ಬರೀ ‘ಕೈತೋಟ’ ಎಂಬ ಮಾತನ್ನು ಹಿಡಿದುಕೊಂಡವರು ಜನ.

ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದಾರಿ ನಡೆದು, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬರುತ್ತದೆ. ಇಷ್ಟು ಕಷ್ಟಪಟ್ಟು ಬಂದ ನೀರು, ಅದನ್ನು ಗಿಡಕ್ಕೆ ಹಾಕಬಹುದೇ ಎಂದು ಕೇಳುತ್ತಾರೆ. ಇಷ್ಟು ಕಷ್ಟಪಟ್ಟು ಬಂದ ನೀರನ್ನು ಒಂದೇ ಸಲ ಬಳಸಿ ಚೆಲ್ಲಬಹುದೇ ಎಂದು ನಾನು ಕೇಳುತ್ತೇನೆ. ಬೆಂಗಳೂರಿನವರು ಚೆಲ್ಲಿದ ಕೊಳಚೆ ನೀರನ್ನು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿ, ಪಂಪು ಮಾಡಿ, 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ದಿನಕ್ಕೆ 440 ದಶಲಕ್ಷ ಲೀಟರ್ ಸಾಗಿಸುವ ಗುರಿ ಇಟ್ಟುಕೊಂಡ ಯೋಜನೆ ಅದು. ಕೆರೆ ತುಂಬಿ ಅಂತರ್ಜಲ ಏರಿದರೆ ಅಲ್ಲಿನ ರೈತ ಬೋರ್‌ವೆಲ್ಲಿನಿಂದ ಅದನ್ನು ಮೇಲೆತ್ತಿ ತರಕಾರಿ ಬೆಳೆಯುತ್ತಾನೆ, ಆ ತರಕಾರಿ ಲಾರಿ ಹತ್ತಿ ಬೆಂಗಳೂರಿನ ಮಾರುಕಟ್ಟೆಗೆ ಬರುತ್ತದೆ. ಕೋಲಾರದ ರೈತನ ಬಗ್ಗೆ ನನ್ನ ತಕರಾರಿಲ್ಲ, ಅವನಿಗೆ ನೀರು ಸಿಗಬೇಕು. ನನ್ನ ಪ್ರಶ್ನೆ ನಗರದವರಿಗೆ. ಬಳಸಿದ ನೀರಿನಿಂದ ಅಲ್ಲಿ ತರಕಾರಿ ಬೆಳೆದರೆ ಅದು ಹೆಮ್ಮೆಯ ಯೋಜನೆ, ಅಡುಗೆಮನೆಯಿಂದ ಹಿತ್ತಿಲಿಗೆ ಹದಿನೈದು ಹೆಜ್ಜೆ ಹೊತ್ತು ಹಾಕಿದರೆ ಅದು ದುಂದುಗಾರಿಕೆಯೆ? ಸಂತೆಯಲ್ಲಿ ಕೊಂಡ ಕಟ್ಟು ಸೊಪ್ಪು ನೀರು ಕುಡಿಯದೆ ಬೆಳೆದದ್ದೆ? ಆ ನೀರು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ನಿಜವಾಗಿ ನೀರು ದಂಡ ಮಾಡುವ ತೋಟಗಳೂ ಇವೆ, ಅವುಗಳ ಪರವಾಗಿ ನಾನು ಒಂದು ಮಾತನ್ನೂ ಆಡುವುದಿಲ್ಲ. ಗೇಟಿನ ಪಕ್ಕದ ಹುಲ್ಲುಹಾಸು ಅಂಥದ್ದು. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬರೀ ತೆಂಗಿನನಾರಿನ ಪುಡಿ ತುಂಬಿ, ಕಾದ ತಾರಸಿಯ ಮೇಲೆ ಸಾಲಾಗಿ ಜೋಡಿಸಿ, ಬೆಳಿಗ್ಗೆ ಸಂಜೆ ಪೈಪು ಹಿಡಿಯುವುದೂ ಅಂಥದ್ದೇ. ಆ ಚೀಲದಲ್ಲಿ ಬೇರು ಬೇಯುತ್ತದೆ. ತಾರಸಿಯೇ ಗತಿ ಎನ್ನುವವರು ದೊಡ್ಡ ಕುಂಡದಲ್ಲಿ ಮಣ್ಣು, ಗೊಬ್ಬರ ಸೇರಿಸಿ, ಕುಂಡಗಳನ್ನು ಒತ್ತಾಗಿ ಇಟ್ಟು, ನಡುವೆ ಒಂದು ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ಹೂಳಿ ಅದರಲ್ಲಿ ನೀರು ತುಂಬಿ ಮುಚ್ಚಲಿ. ಗಡಿಗೆ ಜಿನುಗಿದಷ್ಟನ್ನೇ ಬೇರು ಹುಡುಕಿಕೊಂಡು ಹೋಗುತ್ತದೆ. ನನ್ನ ತಂಗಿ ಇರುವ ಅಪಾರ್ಟ್‌ಮೆಂಟಿನ ಸಂಘದವರು ಅದೇ 2024ರಲ್ಲಿ ಒಂದು ಸುತ್ತೋಲೆ ಕಳಿಸಿದರು. ಜೂನ್‌ವರೆಗೆ ಬಾಲ್ಕನಿಯಲ್ಲಿ ಯಾರೂ ತರಕಾರಿ ಬೆಳೆಯಬಾರದು. ಅವಳು ಎರಡು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ ಬಸಳೆಯನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದಳು. ಅದೇ ವಾರ ನಾನು ಅಲ್ಲಿಗೆ ಹೋದಾಗ ಗೇಟಿನ ಬಳಿಯ ಹುಲ್ಲಿನ ಮೇಲೆ ನೀರು ಚಿಮ್ಮುತ್ತಿತ್ತು. ಹುಲ್ಲು ಇಡೀ ಕಟ್ಟಡದ ಅಂದಕ್ಕೆ ಬೇಕು, ಬಸಳೆ ನಿಮ್ಮೊಬ್ಬರ ಷೋಕಿ ಎಂದು ಅವಳಿಗೆ ಹೇಳಿದರಂತೆ. ತಿನ್ನುವ ಗಿಡ ಷೋಕಿಯಾಗಿ, ತುಳಿಯಲೂ ಬಿಡದ ಹುಲ್ಲು ಅಗತ್ಯವಾದ ಈ ತಲೆಕೆಳಗು ವಿಚಾರವೇ ನನಗೆ ಸಿಟ್ಟು ತರಿಸುವುದು.

ಹೂವಿನ ಗಿಡಗಳ ಮೇಲೆ ಬೇಸಿಗೆಯ ಕೈತೋಟ ಬೇಡ ಎನ್ನುವವರ ಕೋಪ ಇನ್ನೂ ಜಾಸ್ತಿ. ತರಕಾರಿಯಾದರೂ ತಿನ್ನಬಹುದು, ಹೂವಿಗೆ ಯಾಕೆ ನೀರು? ಹೂವಿಲ್ಲದಿದ್ದರೆ ಜೇನಿಲ್ಲ, ಜೇನಿಲ್ಲದಿದ್ದರೆ ಸೌತೆ, ಕುಂಬಳ, ಹಾಗಲ ಯಾವುದೂ ಇಲ್ಲ, ಅವುಗಳಲ್ಲೂ ಹೀರೆಯ ಹಾಗೆ ಗಂಡು ಹೆಣ್ಣು ಹೂವು ಬೇರೆ ಬೇರೆ. ಬೆಂಡೆಯ ಸಾಲಿನ ನಡುವೆ ನಾಲ್ಕು ಚೆಂಡುಹೂವಿನ ಗಿಡ ನೆಟ್ಟರೆ ಬೇರಿಗೆ ಗಂಟು ಕಟ್ಟಿಸುವ ಜಂತುಹುಳುಗಳ ಕಾಟವೂ ತಗ್ಗುತ್ತದೆ. ಇದು ಲಾಭದ ಮಾತಾಯಿತು. ಲಾಭವಿಲ್ಲದಿದ್ದರೂ ನಾನು ಹೂವಿನ ಪರವಾಗಿಯೇ ವಾದಿಸುತ್ತೇನೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಎಂದು ಮೂರು ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಾಡು ಇದು. ಮಲ್ಲಿಗೆ ಮೈತುಂಬ ಬಿಡುವುದು ಇದೇ ಬಿಸಿಲಿನಲ್ಲಿ. ಉಡುಪಿಯ ಶಂಕರಪುರದ ಸುತ್ತಮುತ್ತ ಎಷ್ಟೋ ಮನೆಗಳ ಹೆಂಗಸರು ನಸುಕಿನಲ್ಲಿ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಎಣಿಸಿ ಮಾರಿ ಮಕ್ಕಳ ಶಾಲೆಯ ಫೀಸು ಕಟ್ಟಿದ್ದಾರೆ. ಅವರ ಹಿತ್ತಿಲಿಗೆ ಹೋಗಿ ಹೂವಿಗೆ ಯಾಕೆ ನೀರು ಎಂದು ಕೇಳುವ ಧೈರ್ಯ ಯಾರಿಗಿದೆ? ನನ್ನ ಹಿತ್ತಿಲಲ್ಲಿ ಒಂದೇ ಒಂದು ಮಲ್ಲಿಗೆ ಬಳ್ಳಿ. ಸಂಜೆ ಬಿಡಿಸಿದ ಒಂದು ಹಿಡಿ ಮೊಗ್ಗು ಅತ್ತೆಯ ತಲೆಗೂ ದೇವರಿಗೂ ಸಾಕಾಗುತ್ತದೆ. ಕನಕಾಂಬರ ಇನ್ನೂ ಗಟ್ಟಿ, ನೀರು ಎರಡು ದಿನ ತಪ್ಪಿದರೂ ಮುನಿಯುವುದಿಲ್ಲ.

ಹತ್ತಿಪ್ಪತ್ತು ರೂಪಾಯಿಗೆ ಒಂದು ಕಟ್ಟು ಸೊಪ್ಪು ಸಿಗುವಾಗ ಇಷ್ಟೆಲ್ಲ ಯಾಕೆ ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಎರಡು ಮಡಿಯಿಂದ ಯಾರ ಸಂಸಾರವೂ ನಡೆಯುವುದಿಲ್ಲ, ಹಣ ಉಳಿಯುತ್ತದೆಂದು ನಾನು ಆಸೆ ಹುಟ್ಟಿಸುವುದೂ ಇಲ್ಲ. ಆದರೆ ಬಿಸಿಲಿನಲ್ಲಿ ಒಂದು ದಿನ ದಾರಿ ಸವೆಸಿ, ಗೋಣಿ ಹೊದಿಸಿ ನೀರು ಚಿಮುಕಿಸಿಟ್ಟ ಸೊಪ್ಪಿಗೂ ಒಗ್ಗರಣೆ ಸಿಡಿಯುತ್ತಿರುವಾಗ ಹೋಗಿ ಕಿತ್ತು ತಂದ ಹರಿವೆಗೂ ಇರುವ ಅಂತರವನ್ನು ನಾಲಿಗೆ ಒಂದೇ ತುತ್ತಿಗೆ ಹೇಳುತ್ತದೆ.

ನೀರು ದಂಡ ಎನ್ನುವ ಈ ಇಡೀ ವಾದದ ಬುಡದಲ್ಲಿ ಇನ್ನೊಂದು ವಿಷಯವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀರು ಹೊರುವುದು ಕಷ್ಟದ ಕೆಲಸ. ಬಕೆಟ್ಟಿಗೆ ಹಿಡಿಯಬೇಕು, ಎತ್ತಬೇಕು, ಬಾಗಿ ಬುಡಕ್ಕೆ ಹಾಕಬೇಕು, ದಿನವೂ, ಒಂದು ದಿನವೂ ತಪ್ಪಿಸದೆ. ಮಳೆಗಾಲದಲ್ಲಿ ಆ ಕೆಲಸವನ್ನು ಆಕಾಶ ಮಾಡುತ್ತದೆ. “ನೀರು ದಂಡ” ಎನ್ನುವಾಗ ಬಹಳ ಮಂದಿ ಹೇಳುತ್ತಿರುವುದು “ನಮ್ಮಿಂದಾಗದು” ಎಂದು. ಅದು ಪ್ರಾಮಾಣಿಕವಾದ ಮಾತು, ಹಾಗೆಂದೇ ಹೇಳಿದರೆ ನಾನು ಒಪ್ಪುತ್ತೇನೆ. ಹಾಗೆ ಹೇಳುವಾಗ ಆ ಕೊಡಪಾನಗಳನ್ನು ಹೊತ್ತವರು ಯಾರೆಂಬುದನ್ನೂ ನೆನೆಯಬೇಕು. ನಮ್ಮ ಮನೆಯಲ್ಲಿ ಹೊತ್ತವಳು ಅಮ್ಮ. ಗದ್ದೆಯ ಕೆಲಸ, ಹಟ್ಟಿಯ ಕೆಲಸ, ಅಡುಗೆ ಎಲ್ಲ ಮುಗಿಸಿ ಸಂಜೆ ಮೂವತ್ತು ನಲವತ್ತು ಕೊಡ. ನಾವು ಮಕ್ಕಳು ಸಹಾಯ ಮಾಡಿದೆವು ಅಂದುಕೊಳ್ಳುತ್ತೇವೆ, ನಾವು ಹೊತ್ತದ್ದು ಹತ್ತು ಕೊಡವೂ ಇರಲಿಕ್ಕಿಲ್ಲ. ಐವತ್ತಕ್ಕೇ ಅವಳ ಸೊಂಟ ಹಿಡಿದುಹೋಯಿತು. ಬೇಸಿಗೆಯ ಹಿತ್ತಿಲಿನ ಸೊಗಸನ್ನು ಹೊಗಳಿ ಈ ಒಂದು ವಿಷಯವನ್ನು ಮರೆತರೆ ನನ್ನ ವಾದವೂ ಅರ್ಧ ಸುಳ್ಳಾಗುತ್ತದೆ. ಹಾಗಾಗಿ ನಾನು ಕೇಳುವುದು ಹಿತ್ತಿಲನ್ನು ಮುಚ್ಚಿ ಎಂದಲ್ಲ, ಬಕೆಟ್ಟನ್ನು ಮನೆಯವರೆಲ್ಲ ಹಂಚಿಕೊಂಡು ಎತ್ತಿ ಎಂದು. ನಮ್ಮ ಮನೆಯಲ್ಲಿ ಬೆಳಗಿನ ಬಕೆಟ್ ಗಂಡನದು, ಸಂಜೆಯದು ಮಗನದು. ನನ್ನ ಪಾಲಿಗೆ ಕಳೆ, ಬೀಜ, ಹೀರೆಹೂವು.

ಬೀಜದ ಮಾತು ಬಂದದ್ದರಿಂದ ಅದನ್ನೂ ಹೇಳುತ್ತೇನೆ. ಮಳೆಗಾಲದಲ್ಲಿ ಬಲಿತ ಕಾಯಿ ಬಳ್ಳಿಯಲ್ಲೇ ಕೊಳೆಯುತ್ತದೆ, ಬೆಂಡೆಯ ಬೀಜ ಒಡಲೊಳಗೇ ಬೂಷ್ಟು ಹಿಡಿಯುತ್ತದೆ. ಬೀಜ ಬಲಿಯುವುದಕ್ಕೂ ಒಣಗುವುದಕ್ಕೂ ಬಿಸಿಲು ಬೇಕು. ಸಾಲಿನ ಮೊದಮೊದಲ, ನೇರವಾದ, ಹುಳ ಮುಟ್ಟದ ಒಂದು ಕಾಯಿಗೆ ಅಮ್ಮ ಬಟ್ಟೆಯ ಚೂರು ಕಟ್ಟುತ್ತಿದ್ದಳು. ಅದನ್ನು ಯಾರೂ ಕೊಯ್ಯುವ ಹಾಗಿಲ್ಲ. ಹಣ್ಣಾದ ಮೇಲೆ ಬೀಜ ತೆಗೆದು, ತೊಳೆದು, ಬೂದಿಯಲ್ಲಿ ಹೊರಳಿಸಿ, ಅಂಗಳದ ಗೆರಸೆಯಲ್ಲಿ ಒಣಗಿಸಿ ಸೋರೆಬುರುಡೆಯಲ್ಲಿ ಇಡುತ್ತಿದ್ದಳು. ನೆರೆಮನೆಗೆ ಒಂದು ಹಿಡಿ, ತವರಿಗೆ ಒಂದು ಹಿಡಿ. ನಾನು ಮದುವೆಯಾಗಿ ಬೆಂಗಳೂರಿಗೆ ಬಂದಾಗ ಸೀರೆಗಳ ನಡುವೆ ಒಂದು ಕಾಗದದ ಪೊಟ್ಟಣ ಇಟ್ಟಿದ್ದಳು, ಕೆಂಪು ಹರಿವೆ ಮತ್ತು ಸೌತೆ. ಅಂಗಡಿಯ ಹೈಬ್ರಿಡ್ ಬೀಜದ ಗಿಡದಿಂದ ಬೀಜ ಇಟ್ಟುಕೊಂಡರೆ ಮರುವರ್ಷ ಅದೇ ಗುಣ ಬರುವುದಿಲ್ಲ, ಮತ್ತೆ ಅಂಗಡಿಗೇ ಹೋಗಬೇಕು. ಮನೆಯ ಬೀಜ ಹಾಗಲ್ಲ, ಆದರೆ ಅದು ಒಂದು ಬೇಸಿಗೆ ತಪ್ಪಿದರೆ ಹಳತಾಗುತ್ತದೆ, ಎರಡು ಮೂರು ಬೇಸಿಗೆ ತಪ್ಪಿದರೆ ಮೊಳೆಯುವ ಖಾತ್ರಿಯಿಲ್ಲ. ಈ ಬಾರಿ ಬೇಡ, ಮುಂದಿನ ವರ್ಷ ನೋಡೋಣ ಎಂದು ನಾಲ್ಕು ವರ್ಷ ಅಂದ ಮನೆಗಳಲ್ಲಿ ಹೀಗೇ ಬೀಜ ಹೋಗಿದೆ. ನನ್ನ ತವರಿನಲ್ಲೂ ಹೋಗಿತ್ತು. ಅಮ್ಮನಿಗೆ ಆಗದೆ ಹೋದ ಮೇಲೆ ಅಲ್ಲಿ ಸಾಲು ಮಾಡಿದವರಿಲ್ಲ. ಮೂರು ವರ್ಷದ ಹಿಂದೆ ನಾನು ಇಲ್ಲಿಂದ ಆ ಕೆಂಪು ಹರಿವೆಯ ಬೀಜವನ್ನು ಅಲ್ಲಿಗೆ ತೆಗೆದುಕೊಂಡು ಹೋಗಿ ಕೊಟ್ಟೆ. ಅತ್ತಿಗೆ ಅದನ್ನು ಬಾವಿಕಟ್ಟೆಯ ಪಕ್ಕ ಚೆಲ್ಲಿದಳು. ಈಗ ಅಲ್ಲಿ ಇದೆ.

ಕಾಂಪೌಂಡಿನ ಆಚೆ ನಿಂತು ನನ್ನನ್ನು ಪ್ರಶ್ನಿಸಿದವರಿಗೆ ಆ ದಿನ ನಾನು ಬಕೆಟ್ ತೋರಿಸಿದೆ. ನೋಡಿದರು, ಏನೂ ಹೇಳದೆ ಹೋದರು. ಮರುವರ್ಷ ಫೆಬ್ರವರಿಯಲ್ಲಿ ಬೆಂಡೆಬೀಜ ಇದೆಯೇ ಎಂದು ಕೇಳಿಕೊಂಡು ಬಂದರು. ಕೊಟ್ಟೆ.

ನಿಮ್ಮನ್ನೂ ಕೇಳಿಕೊಳ್ಳುತ್ತೇನೆ. ಇವತ್ತು ರಾತ್ರಿ ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಸುರಿಯುವ ಮೊದಲು ಒಂದು ಬಕೆಟ್ ಇಟ್ಟು ನೋಡಿ. ಎರಡು ಅಡಿ ನೆಲವಿದ್ದರೆ ಒಂದು ಚಿಟಿಕೆ ಹರಿವೆ ಬೀಜವನ್ನು ಮರಳಿನ ಜೊತೆ ಬೆರೆಸಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಒಣಹುಲ್ಲು ಮುಚ್ಚಿ. ನಾಲ್ಕೈದು ದಿನದಲ್ಲಿ ಮೊಳಕೆ ಕಂಡ ಕೂಡಲೇ ಹುಲ್ಲು ತೆಗೆಯಿರಿ. ಭರಣಿ ಮಳೆಗಿಂತ ಮೊದಲೇ ನೀವು ಅದರ ಸಾರು ಉಂಡಿರುತ್ತೀರಿ.